ಕರೆಂಟ್ ಎಲ್ಲಿ ಖರ್ಚಾಯಿತು? ಫೆಟ್ ಜೊತೆ ನಾಲ್ಕು ವರ್ಷ

ನಾನು ರಾಯಚೂರು ಜಿಲ್ಲೆಯ ಸಿರವಾರ ತಾಲ್ಲೂಕಿನ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ವಿಜ್ಞಾನದ ಟೀಚರ್. ಮನೆ ರಾಯಚೂರಿನಲ್ಲಿ, ದಿನಾ ಬಸ್ಸಿನಲ್ಲಿ ಓಡಾಟ. 2021ರ ಆಗಸ್ಟ್‌ನಲ್ಲಿ ಕೊರೊನಾ ರಜೆ ಮುಗಿಸಿಕೊಂಡು 9, 10ನೇ ತರಗತಿ ಮತ್ತೆ ಶುರುವಾದಾಗ ಫೆಟ್ ಸಿಮ್ಯುಲೇಷನ್‌ಗಳನ್ನು ಬಳಸಲು ಆರಂಭಿಸಿದೆ. ನಾಲ್ಕು ವರ್ಷದ ಮೇಲಾಯಿತು. ಒಂದು ವಾರ ಬಳಸಿ "ಸೂಪರ್" ಎಂದು ಬರೆದವರ ವಿಮರ್ಶೆ ಬೇಕಾದಷ್ಟು ಸಿಗುತ್ತವೆ. ನನ್ನದು ಸ್ವಲ್ಪ ಹಳೆಯದಾದ ಮೇಲಿನ ಮಾತು.

ಗೊತ್ತಿಲ್ಲದವರಿಗೆ: ಸಿಮ್ಯುಲೇಷನ್ ಎಂದರೆ ಕಂಪ್ಯೂಟರಿನ ಪರದೆಯ ಮೇಲೆ ಮಾಡಿ ನೋಡುವ ಪ್ರಯೋಗ. ಫೆಟ್ (PhET) ಅಮೆರಿಕದ ಕೊಲರಾಡೊ ಬೌಲ್ಡರ್ ವಿಶ್ವವಿದ್ಯಾಲಯದ್ದು. 2001ರಲ್ಲಿ ಭೌತಶಾಸ್ತ್ರದ ನೊಬೆಲ್ ಪಡೆದ ಕಾರ್ಲ್ ವೀಮನ್ 2002ರಲ್ಲಿ ಶುರು ಮಾಡಿದ್ದು. ಇದು ವಿಡಿಯೊ ಅಲ್ಲ. ಪರದೆಯ ಮೇಲೆ ಬ್ಯಾಟರಿ, ತಂತಿ, ಬಲ್ಬು, ಲೆನ್ಸು ಇರುತ್ತವೆ. ನೀವೇ ಎಳೆದು ಜೋಡಿಸಬೇಕು. ತಪ್ಪು ಜೋಡಿಸಿದರೆ ತಪ್ಪಾಗಿಯೇ ನಡೆಯುತ್ತದೆ. ದುಡ್ಡಿಲ್ಲ, ಜಾಹೀರಾತಿಲ್ಲ. ಹಲವು ಪಾಠಗಳು ಕನ್ನಡದಲ್ಲೂ ಇವೆ.

ನನಗೆ ಇದು ಹಿಡಿಸಿದ್ದಕ್ಕೆ ಮೊದಲ ಕಾರಣ ಬಹಳ ಸಣ್ಣದು. ಇಂಟರ್ನೆಟ್ ಇಲ್ಲದೆಯೂ ನಡೆಯುತ್ತದೆ. ಒಂದೊಂದು ಸಿಮ್ಯುಲೇಷನ್ ಒಂದೊಂದೇ ಫೈಲು, ಕೆಲವೇ ಎಂಬಿ. ಮನೆಯಲ್ಲಿ ಡೌನ್‌ಲೋಡ್ ಮಾಡಿ ಪೆನ್‌ಡ್ರೈವ್‌ಗೆ ಹಾಕಿಕೊಂಡರೆ ಮುಗಿಯಿತು. ಶಾಲೆಯ ಲ್ಯಾಪ್‌ಟಾಪಿನಲ್ಲಿ ಕ್ರೋಮ್ ಇದ್ದರೆ ಸಾಕು, ತೆರೆದುಕೊಳ್ಳುತ್ತದೆ. ನಮ್ಮ ಶಾಲೆಯಲ್ಲಿ ನೆಟ್‌ವರ್ಕ್ ಸಿಗುವುದು ಕಾಂಪೌಂಡ್ ಪಕ್ಕದ ಬೇವಿನಮರದ ಕೆಳಗೆ ಮಾತ್ರ. ಅಲ್ಲಿ ಪ್ರೊಜೆಕ್ಟರ್ ಇಟ್ಟು ಪಾಠ ಮಾಡಲು ಆಗುತ್ತದೆಯೇ?

ಮೊದಲ ವರ್ಷ ನಾನು ಇದನ್ನು ಹಾಳುಮಾಡಿಕೊಂಡೆ. ಒಪ್ಪಿಕೊಳ್ಳುತ್ತೇನೆ. ಪರದೆ ಮೇಲೆ ಸರ್ಕ್ಯೂಟ್ ನಾನೇ ಜೋಡಿಸುವುದು, ನಾನೇ ಸ್ವಿಚ್ ಹಾಕುವುದು, ನಾನೇ "ನೋಡ್ರಿ, ಬಲ್ಬ್ ಹತ್ತಿತು" ಎನ್ನುವುದು. ಮಕ್ಕಳು ಸಿನಿಮಾ ನೋಡಿದ ಹಾಗೆ ನೋಡಿದರು. ಪಾಠ ಮುಗಿದ ಮೇಲೆ ಪ್ರಶ್ನೆ ಕೇಳಿದರೆ ಹಳೆಯ ಉತ್ತರವೇ. ಎಲ್ಲರೂ ಸುಮ್ಮನೆ ಕೂತಿದ್ದರು ಎಂದು ನಾನು ಖುಷಿಪಟ್ಟಿದ್ದೆ, ಅದು ಬೇರೆ.

ಎರಡನೇ ವರ್ಷ ಹತ್ತನೇ ತರಗತಿಯ ವಿದ್ಯುಚ್ಛಕ್ತಿ ಪಾಠದಲ್ಲಿ ಒಂದು ಬದಲಾವಣೆ ಮಾಡಿದೆ. ಸ್ವಿಚ್ ಹಾಕುವ ಮೊದಲು ಮಕ್ಕಳು ಊಹೆ ಹೇಳಬೇಕು. ಬರೆದಿಡಬೇಕು. ಒಂದು ಬ್ಯಾಟರಿ, ಅದಕ್ಕೆ ಸರಣಿಯಲ್ಲಿ, ಅಂದರೆ ಒಂದರ ಹಿಂದೆ ಒಂದು, ಎರಡು ಬಲ್ಬು. ಪ್ರಶ್ನೆ ಇಷ್ಟೇ: ಯಾವ ಬಲ್ಬು ಜಾಸ್ತಿ ಬೆಳಗುತ್ತದೆ?

ಮುಕ್ಕಾಲು ತರಗತಿ ಮೊದಲನೆಯದು ಎಂದಿತು. ಯಾಕೆ ಎಂದು ಕೇಳಿದೆ. ಹಿಂದಿನ ಬೆಂಚಿನ ಒಬ್ಬ ಎದ್ದು ನಿಂತ. "ಟೀಚರ್, ಮ್ಯಾಲಿನ ಹೊಲದೋರು ನೀರು ತಗಂಡ್ರೆ ಟೇಲ್ ಎಂಡಿಗೆ ಎಲ್ಲಿ ಬರ್ತದ್ರಿ? ಬಲ್ಬಿಗೂ ಹಂಗ ಅಲ್ಲೇನ್ರಿ?"

ನಮ್ಮದು ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆ ಭಾಗ. ಸಿರವಾರ, ಮಾನ್ವಿ, ರಾಯಚೂರು ತಾಲ್ಲೂಕಿನ ರೈತರಿಗೆ ಟೇಲ್ ಎಂಡ್ ಎಂದರೆ ಏನು ಎಂದು ಬಿಡಿಸಿ ಹೇಳಬೇಕಿಲ್ಲ. ಮೇಲಿನವರು ಭತ್ತಕ್ಕೆ ನೀರು ಹಾಯಿಸಿಕೊಂಡ ಮೇಲೆ ಉಳಿದದ್ದು ಇಲ್ಲಿಗೆ. ಎಷ್ಟೋ ವರ್ಷ ಏನೂ ಉಳಿದಿರುವುದಿಲ್ಲ. ಹುಡುಗನ ತಲೆಯಲ್ಲಿ ಕರೆಂಟು ಕೂಡ ಕಾಲುವೆಯ ನೀರು. ಮೊದಲ ಬಲ್ಬು ಕುಡಿದುಬಿಡುತ್ತದೆ, ಎರಡನೆಯದಕ್ಕೆ ಉಳಿದಷ್ಟು. ಹತ್ತು ವರ್ಷ ಪಾಠ ಮಾಡಿದ್ದೇನೆ, ಮಕ್ಕಳ ಈ ತಪ್ಪು ಎಲ್ಲಿಂದ ಬರುತ್ತದೆ ಎಂದು ನನಗೆ ಹೊಳೆದೇ ಇರಲಿಲ್ಲ.

ಅವನನ್ನೇ ಮುಂದೆ ಕರೆದೆ. ಮೌಸ್ ಕೈಗೆ ಕೊಟ್ಟೆ. ಸ್ವಿಚ್ ಹಾಕಿದ. ಎರಡೂ ಬಲ್ಬು ಒಂದೇ ಸಮ, ಎರಡೂ ಮಂದ. ತರಗತಿ ಗದ್ದಲ. ಕರೆಂಟ್ ಅಳೆಯುವ ಆಮ್ಮೀಟರ್ ಎಳೆದು ಮೂರು ಕಡೆ ಇಟ್ಟ: ಬ್ಯಾಟರಿ ಪಕ್ಕ, ಎರಡು ಬಲ್ಬಿನ ನಡುವೆ, ಕೊನೆಗೆ. ಮೂರೂ ಕಡೆ 0.45 ಆಂಪಿಯರ್. ಇದರಲ್ಲಿ ಬ್ಯಾಟರಿ 9 ವೋಲ್ಟ್, ಬಲ್ಬಿನ ರೋಧ 10 ಓಮ್ ಎಂದು ಮೊದಲೇ ಇಟ್ಟಿರುತ್ತಾರೆ. ಹಾಗಾಗಿ ಲೆಕ್ಕವನ್ನು ಬೋರ್ಡ್ ಮೇಲೆ ಮಾಡಿ ತೋರಿಸಬಹುದು. ಎರಡು ಬಲ್ಬಿನ ರೋಧ ಸೇರಿ 20, ಹಾಗಾಗಿ ಕರೆಂಟ್ 9 ಭಾಗಿಸು 20. ಪರದೆಯ ಅಂಕಿ, ಬೋರ್ಡಿನ ಅಂಕಿ ಒಂದೇ ಆದಾಗ ಓಮ್‌ನ ನಿಯಮ ಬಾಯಿಪಾಠದ ಸಾಲು ಅನ್ನಿಸಲಿಲ್ಲ.

"ಹಂಗಾದ್ರ ಖರ್ಚಾಗಿದ್ದು ಏನ್ರಿ?" ಮುಂದಿನ ಬೆಂಚಿನ ಹುಡುಗಿಯ ಪ್ರಶ್ನೆ. ಇದಕ್ಕೆ ಸಿಮ್ಯುಲೇಷನ್ ಉತ್ತರ ಕೊಡಲ್ಲ. ಅದು ನಮ್ಮ ಕೆಲಸ. ನಾನು ಸೈಕಲ್ ಚೈನ್ ಉದಾಹರಣೆ ಕೊಟ್ಟೆ. ಚೈನು ಖರ್ಚಾಗುವುದಿಲ್ಲ, ಸುತ್ತುತ್ತಲೇ ಇರುತ್ತದೆ. ಖರ್ಚಾಗುವುದು ತುಳಿಯುವವರ ಶಕ್ತಿ. ಇನ್ನೊಂದು ಅನುಮಾನವೂ ಇದರಲ್ಲೇ ಬಗೆಹರಿಯಿತು. ಪರದೆಯಲ್ಲಿ ಎಲೆಕ್ಟ್ರಾನ್‌ಗಳು ನೀಲಿ ಗೋಲಿಗಳ ಹಾಗೆ ನಿಧಾನಕ್ಕೆ ಹೋಗುತ್ತವೆ. ಆದರೆ ಬಲ್ಬು ತಕ್ಷಣ ಹತ್ತುತ್ತದೆ. ತಂತಿಯೊಳಗೆ ಅವು ಸಾಗುವ ವೇಗ ಸೆಕೆಂಡಿಗೆ 1 ಮಿಲಿಮೀಟರ್ ಆಸುಪಾಸು ಎಂದು ಪುಸ್ತಕದಲ್ಲೂ ಇದೆ. ಮತ್ತೆ ಬೆಳಕು ಹೇಗೆ ಅಷ್ಟು ಬೇಗ? ಪೆಡಲ್ ತುಳಿದ ಕೂಡಲೇ ಹಿಂದಿನ ಚಕ್ರ ತಿರುಗುತ್ತದೆ, ಚೈನಿನ ಒಂದೇ ಕೊಂಡಿ ಅಲ್ಲಿಗೆ ಹೋಗಿ ಮುಟ್ಟುವ ತನಕ ಕಾಯುವುದಿಲ್ಲ, ಅಲ್ವಾ?

ಒಂದೊಂದು ಬಲ್ಬಿಗೂ ಬ್ಯಾಟರಿಯಿಂದ ಬೇರೆ ದಾರಿ ಕೊಡುವ ಸಮಾಂತರ ಜೋಡಣೆಗೆ ಬಂದಾಗ ನನಗೆ ಕೆಲಸವೇ ಇರಲಿಲ್ಲ. ಎರಡೂ ಬಲ್ಬು ಪೂರ್ತಿ ಬೆಳಗಿದವು. ಒಂದೊಂದರಲ್ಲೂ 0.90, ಬ್ಯಾಟರಿ ಪಕ್ಕ 1.80. "ಇದು ಹೊಲಕ್ಕೊಂದು ಬ್ಯಾರೆ ತೂಬು ಇಟ್ಟಂಗ" ಎಂದ ಅದೇ ಹುಡುಗ. ಮನೆಯ ವೈರಿಂಗ್ ಯಾಕೆ ಸಮಾಂತರ ಎಂಬ ಪ್ರಶ್ನೆಗೆ ಆ ವರ್ಷ ಪರೀಕ್ಷೆಯಲ್ಲಿ ತೂಬು ಬರೆದವರೂ ಇದ್ದರು. ನಾನು ಅಂಕ ಕೊಟ್ಟೆ.

ಹೋಲಿಕೆಗೂ ಮಿತಿ ಇದೆ ಎನ್ನುವುದು 2024ರಲ್ಲಿ ಗೊತ್ತಾಯಿತು. ಆಗಸ್ಟ್ 10ರ ರಾತ್ರಿ ತುಂಗಭದ್ರಾ ಡ್ಯಾಮಿನ 19ನೇ ಗೇಟಿನ ಚೈನು ತುಂಡಾಗಿ ಗೇಟು ಕೊಚ್ಚಿಹೋಯಿತು. ಇಡೀ ಊರಲ್ಲಿ ಅದೇ ಮಾತು. ಮುಂದೆ ಪಾಠಕ್ಕೆ ಬಂದು "ಸರ್ಕ್ಯೂಟ್ ತುಂಡಾದರೆ ಹರಿವು ನಿಲ್ಲುತ್ತದೆ" ಎಂದೆ. "ಡ್ಯಾಮಿನ ಚೈನು ತುಂಡಾದ್ರ ನೀರೆಲ್ಲ ಹೋತಲ್ರಿ ಟೀಚರ್" ಎಂದರು. ಹತ್ತು ನಿಮಿಷ ಅದರ ಮೇಲೆಯೇ ಜಗಳ. ಒಳ್ಳೆಯ ಜಗಳ.

ಈಗ ನಾನು ಹುಷಾರಾದ ಒಂದು ವಿಷಯ. ಈ ಸಿಮ್ಯುಲೇಷನ್‌ನಲ್ಲಿ ಬ್ಯಾಟರಿಯ ಎರಡು ತುದಿಗೂ ಬರೀ ತಂತಿ ಕೊಟ್ಟರೆ ಬೆಂಕಿ ಹತ್ತಿಕೊಳ್ಳುತ್ತದೆ. ಮಕ್ಕಳಿಗೆ ಅದೇ ಆಟ. ಒಬ್ಬ ಹುಡುಗ ಮನೆಯಲ್ಲಿ ಟಾರ್ಚಿನ ಸೆಲ್ಲಿಗೆ ತಂತಿ ಸುತ್ತಿ ನೋಡಿದ. ಬೆಂಕಿ ಬರಲಿಲ್ಲ, ಬೆರಳು ಸುಟ್ಟಿತು. ಸೆಲ್ಲಿಗೇ ಮುಗಿಯಿತಲ್ಲ, ಗೋಡೆಯ ಪ್ಲಗ್ಗಿನ ತನಕ ಹೋಗಲಿಲ್ಲವಲ್ಲ ಎಂದು ನನಗೆ ಆ ರಾತ್ರಿ ನಿದ್ದೆ ಬರಲಿಲ್ಲ. ಅಂದಿನಿಂದ ಫೈಲು ತೆರೆಯುವ ಮೊದಲು ಬೋರ್ಡಿನ ಮೇಲೆ ದೊಡ್ಡದಾಗಿ ಬರೆಯುತ್ತೇನೆ: ಇಲ್ಲಿ 9 ವೋಲ್ಟ್, ಮನೆಯಲ್ಲಿ 230. ಪರದೆಯ ಪಾಠದ ಮರುದಿನ ನಿಜವಾದ ಸೆಲ್ಲು, ಸಣ್ಣ ಬಲ್ಬು ಕೊಟ್ಟು ನನ್ನ ಎದುರಿಗೇ ಮಾಡಿಸುತ್ತೇನೆ. ತೀನ್ ಕಂದೀಲ್ ಹತ್ತಿರದ ಎಲೆಕ್ಟ್ರಿಕ್ ಅಂಗಡಿಯಲ್ಲಿ ತಂದ ಸಾಮಾನು, ದೊಡ್ಡ ಖರ್ಚೇನಲ್ಲ. ಪರದೆ ನೋಡಿ ನಿಲ್ಲಿಸಿಬಿಟ್ಟರೆ ಮಕ್ಕಳು ಎಲೆಕ್ಟ್ರಾನ್ ನಿಜಕ್ಕೂ ನೀಲಿ ಗೋಲಿ ಎಂದುಕೊಳ್ಳುತ್ತಾರೆ.

ಒಂಬತ್ತನೇ ತರಗತಿಗೆ ಬಲ ಮತ್ತು ಚಲನೆಯದು ಚೆನ್ನಾಗಿದೆ. ಫ್ರಿಜ್ಜು, ಪೆಟ್ಟಿಗೆಗಳನ್ನು ತಳ್ಳಬೇಕು. ಘರ್ಷಣೆಯನ್ನು ಜಾಸ್ತಿ ಕಡಿಮೆ ಮಾಡಬಹುದು. ನಾನು ಇದರ ಜೊತೆಗೆ ರಾಯಚೂರು ಕೋಟೆಯ ಫೋಟೊ ಇಟ್ಟುಕೊಂಡಿದ್ದೇನೆ. ಅಲ್ಲಿನ ಗೋಡೆಯಲ್ಲಿ ಸುಮಾರು 41 ಅಡಿ ಉದ್ದದ ಒಂದೇ ಕಲ್ಲು ಇದೆ, 1294ರ ಶಾಸನ ಇರುವುದು. ಆ ಕಲ್ಲನ್ನು ಗಾಡಿಯ ಮೇಲೆ ಹೇರಿ ಕೋಣಗಳು ಎಳೆಯುವ, ಹಿಂದಿನಿಂದ ಗಾಲಿಗೆ ಸನ್ನೆಗೋಲು ಹಾಕಿ ತಳ್ಳುವ ಚಿತ್ರವನ್ನೂ ಅಲ್ಲೇ ಕೆತ್ತಿದ್ದಾರೆ. ಮೊದಲು ಪರದೆಯಲ್ಲಿ ಫ್ರಿಜ್ಜು ತಳ್ಳಿಸಿ, ಆಮೇಲೆ ಈ ಫೋಟೊ ತೋರಿಸಿ, ಗಾಲಿ ಯಾಕೆ ಬೇಕಿತ್ತು ಎಂದು ಕೇಳಿದರೆ ಸಾಕು.

ಉಳಿದವುಗಳಲ್ಲಿ ರಾಸಾಯನಿಕ ಸಮೀಕರಣ ಸರಿದೂಗಿಸುವುದು ನನ್ನ ಮಟ್ಟಿಗೆ ದುಡ್ಡು ಕೊಟ್ಟಾದರೂ ಕೊಳ್ಳಬೇಕಾದದ್ದು, ತಕ್ಕಡಿ ಇಟ್ಟು ತೋರಿಸುತ್ತಾರೆ. ಬೆಳಕಿನ ವಕ್ರೀಭವನ, ಲೆನ್ಸಿನ ಕಿರಣ ಚಿತ್ರ ಎರಡೂ ಬಳಸುತ್ತೇನೆ. ಪಿಎಚ್ (ಆಮ್ಲವೋ ಕ್ಷಾರವೋ ಎಂಬ ಅಳತೆ) ಅಳೆಯುವುದರಲ್ಲಿ ಹಾಲು, ಕಾಫಿ ಜೊತೆ ಉಗುಳೂ ಇದೆ, ಹುಡುಗರು ಅದನ್ನೇ ಮೊದಲು ಒತ್ತುತ್ತಾರೆ. ಜೀವಶಾಸ್ತ್ರಕ್ಕೆ ಮಾತ್ರ ಫೆಟ್‌ನಲ್ಲಿ ಸಿಗುವುದು ಕಡಿಮೆ. ಹೃದಯ, ಮೂತ್ರಪಿಂಡಕ್ಕೆಲ್ಲ ನಾನು ಪಠ್ಯಪುಸ್ತಕದ ಕ್ಯೂಆರ್ ಕೋಡ್ ಹಿಡಿದು ಸರ್ಕಾರದ ದೀಕ್ಷಾ ಆ್ಯಪಿಗೆ ಹೋಗುತ್ತೇನೆ. ಒಂದು ಉಪಾಯ ಹೇಳುತ್ತೇನೆ. ಕ್ಯಾಮೆರಾ ಸರಿ ಹಿಡಿಯದಿದ್ದರೆ ಕೋಡಿನ ಕೆಳಗಿರುವ ಆರು ಅಕ್ಷರಗಳನ್ನು ಟೈಪ್ ಮಾಡಿ, ಅದೇ ಪಾಠ ಬರುತ್ತದೆ. ಡೌನ್‌ಲೋಡ್ ಮಾಡಿಟ್ಟುಕೊಂಡರೆ ನೆಟ್ ಇಲ್ಲದಾಗಲೂ ನೋಡಬಹುದು.

ಕನ್ನಡದ ವಿಷಯ. ನಮ್ಮ ಮಕ್ಕಳಲ್ಲಿ ಕೆಲವರ ಮನೆಮಾತು ತೆಲುಗು, ಕೆಲವರದು ಉರ್ದು. ಶಾಲೆಯ ಕನ್ನಡವೇ ಅವರಿಗೆ ಎರಡನೇ ಭಾಷೆ, ಅದರ ಮೇಲೆ ಇಂಗ್ಲಿಷ್ ಬೇರೆ ಹೇರಿದರೆ ಕಷ್ಟ. ಹಾಗಾಗಿ ಕನ್ನಡ ಇರುವ ಸಿಮ್ಯುಲೇಷನ್ನನ್ನೇ ಮೊದಲು ಹುಡುಕುತ್ತೇನೆ. ಇಲ್ಲದಿದ್ದರೆ ಪರದೆಯ ಪಕ್ಕ ಒಂದು ಚಾರ್ಟ್ ತೂಗುಹಾಕುತ್ತೇನೆ: ವಿಭವಾಂತರ, ರೋಧ, ಪ್ರವಾಹ, ಪುಸ್ತಕದಲ್ಲಿ ಇರುವ ಪದವೇ. ಸರ್ಕ್ಯೂಟಿನದರಲ್ಲಿ ಒಂದು ಗುಂಡಿ ಒತ್ತಿದರೆ ಬಲ್ಬಿನ ಚಿತ್ರ ಹೋಗಿ ಪುಸ್ತಕದ ಸಂಕೇತಗಳೇ ಬರುತ್ತವೆ. ಎಸ್ಸೆಸ್ಸೆಲ್ಸಿಯಲ್ಲಿ ಮಂಡಲದ (ಸರ್ಕ್ಯೂಟಿನ) ಚಿತ್ರ ಬರೆಯಲು ಇದರಷ್ಟು ಸಹಾಯ ಇನ್ಯಾವುದೂ ಮಾಡಿಲ್ಲ.

ಯಂತ್ರದ ಗೋಳು ಬೇರೆಯೇ. ಪ್ರೊಜೆಕ್ಟರ್ ಎರಡನೇ ಬೇಸಿಗೆಯಲ್ಲೇ ಮಂಕಾಯಿತು, ಕಂಪನಿ ಹೆಸರು ಬೇಡ. ನಮ್ಮೂರ ಬಿಸಿಲಿಗೆ ಕಿಟಕಿ ಮುಚ್ಚಿದರೆ ಮಕ್ಕಳು ಬೇಯುತ್ತಾರೆ, ತೆರೆದರೆ ಪರದೆ ಕಾಣುವುದಿಲ್ಲ. ಆಮೇಲೆ ಹಳೆಯ ವಿದ್ಯಾರ್ಥಿಗಳು ಸೇರಿ ಒಂದು 43 ಇಂಚಿನ ಟಿವಿ ಕೊಡಿಸಿದರು. ಅದೇ ವಾಸಿ. ಆದರೆ ಪೆನ್‌ಡ್ರೈವ್ ನೇರವಾಗಿ ಟಿವಿಗೆ ಹಾಕಿದರೆ ವಿಡಿಯೊ ಮಾತ್ರ ಓಡಿತು, ಸಿಮ್ಯುಲೇಷನ್ ತೆರೆಯಲಿಲ್ಲ. ಲ್ಯಾಪ್‌ಟಾಪಿನಿಂದ ಎಚ್‌ಡಿಎಂಐ ಕೇಬಲ್ ಎಳೆಯಬೇಕು. ಉದ್ದನೆಯ ಕೇಬಲ್ಲೇ ತನ್ನಿ, ಮೌಸ್ ಮಕ್ಕಳ ಬೆಂಚಿನ ತನಕ ಬರಬೇಕು. ಕರೆಂಟ್ ಹೋದರೆ ಟಿವಿ ಬಂದ್, ಲ್ಯಾಪ್‌ಟಾಪ್ ಸುತ್ತ ಗುಂಪು. 1720 ಮೆಗಾವಾಟಿನ ಉಷ್ಣ ವಿದ್ಯುತ್ ಸ್ಥಾವರ ಶಕ್ತಿನಗರದಲ್ಲಿ, ನಮ್ಮದೇ ಜಿಲ್ಲೆಯಲ್ಲಿ ಇದೆ ಎಂದು ಮಕ್ಕಳಿಗೆ ಹೇಳಿದ ದಿನವೇ ಪಾಠದ ನಡುವೆ ಕರೆಂಟ್ ಹೋಯಿತು. ನಾನೇನು ಹೇಳಲಿ!

ನಡುವೆ ಒಮ್ಮೆ ಪಾಠಗಳನ್ನೆಲ್ಲ ತುಂಬಿದ ಪೆನ್‌ಡ್ರೈವ್ ಮಾರುವವರು ಶಾಲೆಗೆ ಬಂದಿದ್ದರು. ನಾವು ಶಿಕ್ಷಕರೇ ದುಡ್ಡು ಹಾಕಿ ಕೊಂಡೆವು. ಅದರ ಕನ್ನಡ ಕೇಳಿ ನನಗೇ ನಿದ್ದೆ ಬಂತು. ಒಂದೇ ಕಂಪ್ಯೂಟರಿನಲ್ಲಿ ಓಡುವ ಬೀಗ, ವರ್ಷ ಮುಗಿದ ಮೇಲೆ ತೆರೆಯಲೇ ಇಲ್ಲ. ಫೋನ್ ಮಾಡಿದರೆ ಎತ್ತುವವರಿಲ್ಲ. ನನ್ನ ಫೆಟ್ ಫೈಲುಗಳು 2021ರಲ್ಲಿ ಇಳಿಸಿಕೊಂಡವು, ಇವತ್ತಿಗೂ ತೆರೆಯುತ್ತವೆ.

ಐದಕ್ಕೆ ನಾಲ್ಕೂವರೆ ಕೊಡುತ್ತೇನೆ. ಅರ್ಧ ಕಡಿಮೆ ಯಾಕೆಂದರೆ, ಊಹೆ ಹೇಳಿಸದೆ ಬರೀ ತೋರಿಸುವ ಟೀಚರ್ ಕೈಯಲ್ಲಿ ಇದೂ ಒಂದು ಟಿವಿ. ಆ ಟೀಚರ್ ಮೊದಲ ವರ್ಷ ನಾನೇ ಆಗಿದ್ದೆ.

ನವೆಂಬರ್, ಡಿಸೆಂಬರ್‌ನಲ್ಲಿ ಹತ್ತಿ ಬಿಡಿಸಲು ಹೋಗುವ ಮಕ್ಕಳು ನಮ್ಮಲ್ಲಿ ಜಾಸ್ತಿ, ಅದರಲ್ಲೂ ಹುಡುಗಿಯರು. ವಾಪಸ್ ಬರುವಷ್ಟರಲ್ಲಿ ಒಂದು ಪಾಠವೇ ಮುಗಿದಿರುತ್ತದೆ. ಮೊದಲು ನೋಟ್ಸ್ ಕಾಪಿ ಮಾಡಿಕೊಳ್ಳಿ ಎನ್ನುತ್ತಿದ್ದೆ. ಈಗ ಮಧ್ಯಾಹ್ನದ ಬಿಸಿಯೂಟ ಆದ ಮೇಲೆ ಲ್ಯಾಪ್‌ಟಾಪ್ ಬಿಟ್ಟುಕೊಡುತ್ತೇನೆ. ಮನೆಯಲ್ಲಿ ಫೋನ್ ಇರುವವರಿಗೆ ಫೈಲು ವಾಟ್ಸಾಪಿನಲ್ಲಿ ಡಾಕ್ಯುಮೆಂಟ್ ಎಂದು ಕಳಿಸುತ್ತೇನೆ, ತೆರೆಯುವಾಗ ಕ್ರೋಮ್ ಆರಿಸಿ ಎಂದು ಹೇಳಿ. ಕಳೆದ ಸಲ ಹೊಲದಿಂದ ಬಂದ ಇಬ್ಬರನ್ನು ಕೂರಿಸಿಕೊಂಡು ಇನ್ನೊಬ್ಬಳು ಪಾಠ ಮಾಡುತ್ತಿದ್ದಳು. ನಾನು ಬಾಗಿಲಲ್ಲಿ ನಿಂತೆ. ಎರಡು ಬಲ್ಬು ಜೋಡಿಸಿದ್ದಳು, ಸ್ವಿಚ್ ಇನ್ನೂ ಹಾಕಿರಲಿಲ್ಲ. "ಮೊದ್ಲ ಹೇಳ್ರಿ, ಯಾವುದು ಜಾಸ್ತಿ ಬೆಳಗ್ತದ?"