ಹಳೆಯ ಮಾದರಿ ರೈಲಿಗೆ 130 ಗಾತ್ರದ ಕ್ಯಾನ್ ಮೋಟರ್: ಮೂರು ವರ್ಷ ಓಡಿಸಿದ ಮೇಲೆ

ಮೂಲ ಮೋಟರ್ ಸಿಗದ ಹಳೆಯ ಎಚ್‌ಒ, ಒಒ (ಮಾದರಿ ರೈಲಿನ ಅಳತೆಗಳು) ಲೋಕೋಗಳಿಗೆ 12 ವೋಲ್ಟಿನ, ಎರಡೂ ಬದಿ ಶಾಫ್ಟ್ ಇರುವ 130 ಗಾತ್ರದ ಕ್ಯಾನ್ (ಮುಚ್ಚಿದ ಡಬ್ಬಿಯ) ಮೋಟರ್ ಒಳ್ಳೆಯ ಬದಲಿ. ಅಗಲ ಸುಮಾರು 20 ಮಿ.ಮೀ., ದಪ್ಪ 15, ಶಾಫ್ಟ್ ಸಾಮಾನ್ಯವಾಗಿ 2. ಅಂಕ 5ಕ್ಕೆ 4. ಕಡಿಮೆಯಾದ ಒಂದು ಅಂಕ ಮೋಟರಿನ ತಪ್ಪಿಗಲ್ಲ, ಮಾರುವವರ ಅರೆಬರೆ ವಿವರಣೆಗೆ.

ನೋಡಲು ಥೇಟ್ ಹೀಗೇ ಇರುವ 3 ವೋಲ್ಟಿನ ಆಟಿಕೆ ಮೋಟರೂ ಇದೇ ಹೆಸರಿನಲ್ಲಿ ಬರುತ್ತದೆ. ಕೈಗೆ ಬಂದ ಕೂಡಲೇ ಶಾಫ್ಟನ್ನು ಸ್ವಲ್ಪಸ್ವಲ್ಪ ತಿರುಗಿಸುತ್ತ ಮೋಟರಿನ ಎರಡು ವಿದ್ಯುತ್ ತುದಿಗಳ ನಡುವೆ ಮಲ್ಟಿಮೀಟರಿನಲ್ಲಿ ನಾಲ್ಕೈದು ಸಲ ಓಮ್ ಅಳೆಯಿರಿ. 12ನ್ನು ಅದರಿಂದ ಭಾಗಿಸಿದರೆ, ಮೋಟರ್ ಸಿಕ್ಕಿಕೊಂಡು ನಿಂತಾಗ ಎಳೆಯುವ ಕರೆಂಟ್ ಗೊತ್ತಾಗುತ್ತದೆ. 24 ಓಮ್ ಇದ್ದರೆ ಅರ್ಧ ಆಂಪಿಯರ್. 1 ಆಂಪಿಯರಿನ ಡಿಸಿಸಿ ಡಿಕೋಡರಿಗೆ (ಹಳಿಯಿಂದ ಬರುವ ಡಿಜಿಟಲ್ ಆಜ್ಞೆ ಓದಿ ಮೋಟರ್ ನಡೆಸುವ ಪುಟ್ಟ ಸರ್ಕಿಟ್) ಚಿಂತೆಯಿಲ್ಲ. 2 ಓಮ್ ಇದ್ದರೆ 6 ಆಂಪಿಯರ್! ಮೊದಲು ಸುಡುವುದು ಡಿಕೋಡರೋ ಸುರುಳಿಯೋ ಎಂಬುದಷ್ಟೇ ಉಳಿಯುವ ಪ್ರಶ್ನೆ.

ಕೊಳ್ಳುವ ಮೊದಲು ಹಳೆಯದು ನಿಜಕ್ಕೂ ಹೋಗಿದೆಯೇ ನೋಡಿ. ಟ್ರೈ-ಆಂಗ್ ಎಕ್ಸ್‌04ನಂಥ ತೆರೆದ ಮೋಟರುಗಳಲ್ಲಿ ಕಮ್ಯುಟೇಟರಿನ (ಶಾಫ್ಟಿನ ಮೇಲೆ ಇಂಗಾಲದ ಬ್ರಷ್ ತಾಗುವ ತಾಮ್ರದ ಭಾಗ) ಸೀಳುಗಳಿಗೆ ಇಂಗಾಲದ ಪುಡಿ ತುಂಬಿರುತ್ತದೆ. ಹಲ್ಲುಕಡ್ಡಿಯಿಂದ ಕೆರೆದು ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಒರೆಸಿದರೆ ಎಷ್ಟೋ ಮೋಟರುಗಳು ಎದ್ದು ಓಡುತ್ತವೆ. ಖಾಲಿ ಓಡುವಾಗ ಜೋರು, ಬೋಗಿ ಕಟ್ಟಿದರೆ ಬಿಸಿಯಾಗಿ ಮುಗ್ಗರಿಸುತ್ತದೆ ಎಂದರೆ ಆಯಸ್ಕಾಂತದ ಬಲ ಕುಗ್ಗಿದೆ. ಆಗ ನಿಯೋಡಿಮಿಯಂ ಆಯಸ್ಕಾಂತ ಹಾಕಿ, ಉಳಿದ ಜಾಗಕ್ಕೆ ಮೆದು ಕಬ್ಬಿಣದ ತುಂಡು ಕೊಟ್ಟರೆ ಸಾಕು. ಬ್ರಷ್ ಸ್ಪ್ರಿಂಗಿನ ಒಂದು ತುದಿಗಿರುವ ವಿದ್ಯುತ್ ಹರಿಯದಂತೆ ತಡೆಯುವ ಪುಟ್ಟ ಕೊಳವೆಯನ್ನು ಕಳೆದುಕೊಳ್ಳಬೇಡಿ. ಅದಿಲ್ಲದಿದ್ದರೆ ನೇರ ಶಾರ್ಟ್.

ಚಕ್ರ ಒಂದು ಸುತ್ತು ಬಂದಾಗಲೆಲ್ಲ ಟಕ್ ಎಂದರೆ ಆಕ್ಸಲಿನ ಪ್ಲಾಸ್ಟಿಕ್ ಗೇರ್ ಸೀಳಿದೆ. ಅಂಟು ನಿಲ್ಲುವುದಿಲ್ಲ, ಗೇರನ್ನೇ ಬದಲಿಸಿ.

ಜೋಡಣೆಯಲ್ಲಿ ಎಡವುವುದು ವರ್ಮ್ (ಶಾಫ್ಟಿನ ಮೇಲಿನ ಸ್ಕ್ರೂನಂಥ ಗೇರ್) ಹತ್ತಿರ. ಹಳೆಯ ಮೋಟರಿನಿಂದ ಅದನ್ನು ಸ್ಕ್ರೂಡ್ರೈವರಿನಿಂದ ಮೀಟಿದರೆ ಶಾಫ್ಟ್ ಬಾಗುತ್ತದೆ, ಎಳೆದು ತೆಗೆಯುವ ಗೇರ್ ಪುಲ್ಲರ್ ಬೇಕೇ ಬೇಕು. ಹಳೆಯ ವರ್ಮಿನ ರಂಧ್ರ 2 ಮಿ.ಮೀ. ಇದ್ದರೆ ನೇರ ಕೂರುತ್ತದೆ. 1.5 ಇದ್ದರೆ ಕೊರೆದು ಹಿಗ್ಗಿಸಲು ಹೋಗಬೇಡಿ, ನಡು ತಪ್ಪುತ್ತದೆ; 1.5ರ ಶಾಫ್ಟಿನ ಚಿಕ್ಕ ಮೋಟರ್ ಹುಡುಕಿ. ವರ್ಮ್ ಮತ್ತು ಗೇರಿನ ನಡುವೆ ತೆಳು ಕಾಗದದ ಪಟ್ಟಿ ಇಟ್ಟು ಮೋಟರನ್ನು ಸಿಲಿಕೋನ್ ಅಂಟಿನಿಂದ ಕೂರಿಸಿ, ಅದು ಗಟ್ಟಿಯಾದ ಮೇಲೆ ಕಾಗದ ಎಳೆದರೆ ಬೇಕಾದಷ್ಟು ಸಡಿಲ ಉಳಿಯುತ್ತದೆ. ವಿನಿಗರ್ ವಾಸನೆಯ ಸಿಲಿಕೋನ್ ಬೇಡ, ಅದರ ಆಮ್ಲ ಲೋಹವನ್ನು ತಿನ್ನುತ್ತದೆ. ಡಿಕೋಡರ್ ಕಟ್ಟುವ ಮೊದಲು ಮೋಟರಿನ ಎರಡೂ ವಿದ್ಯುತ್ ತುದಿಗಳಿಗೂ ಚಾಸಿಗೂ (ಲೋಕೋದ ಲೋಹದ ಚೌಕಟ್ಟು) ಸಂಪರ್ಕವಿಲ್ಲವೆಂದು ಮೀಟರಿನಲ್ಲಿ ಖಚಿತಪಡಿಸಿಕೊಳ್ಳಿ.

ಇಷ್ಟು ಕಾಲದಲ್ಲಿ ಕಂಡ ಕೊರತೆ ಶಾಫ್ಟ್ ತಿರುಗುವ ಬುಶ್ ಒಣಗಿ ಕಿರುಗುಟ್ಟುವುದು. ಸೂಜಿತುದಿಯಷ್ಟು, ಪ್ಲಾಸ್ಟಿಕ್ಕಿಗೆ ಹಾನಿ ಮಾಡದ ಎಣ್ಣೆ ಸಾಕು. ಹೆಚ್ಚಾದರೆ ಒಳಗೆ ಹರಿದು ಕಮ್ಯುಟೇಟರಿನಲ್ಲಿ ಕೆಸರಾಗುತ್ತದೆ. ಮುಚ್ಚಿದ ಡಬ್ಬಿಯಾದ್ದರಿಂದ ಬ್ರಷ್ ಸವೆದರೆ ಮೋಟರನ್ನೇ ಬದಲಿಸಬೇಕು.

ಒಂದೇ ಬದಿ ಶಾಫ್ಟ್ ಸಾಕಾಗುವ ಲೋಕೋಗೂ ಎರಡು ಬದಿಯದನ್ನೇ ಕೊಳ್ಳಿ. ಬೇಡದ್ದನ್ನು ಕತ್ತರಿಸುವಾಗ ಡಬ್ಬಿಯನ್ನು ಟೇಪಿನಿಂದ ಪೂರ್ತಿ ಸುತ್ತಿ, ಕತ್ತರಿಸುವ ತುಂಡನ್ನೇ ಇಕ್ಕಳದಲ್ಲಿ ಹಿಡಿಯಿರಿ. ಉಕ್ಕಿನ ಪುಡಿ ಒಳಹೊಕ್ಕರೆ ಆಯಸ್ಕಾಂತ ಅದನ್ನು ಬಿಟ್ಟುಕೊಡುವುದಿಲ್ಲ.