ಮೋಡ್ರಿಚ್‌ಗೆ ಹತ್ತಕ್ಕೆ ಎಂಟೂವರೆ

ಮೊದಲೇ ಹೇಳಿಬಿಡುತ್ತೇನೆ. 2018ರ ರಷ್ಯಾ ಫುಟ್‌ಬಾಲ್ ವಿಶ್ವಕಪ್‌ನಲ್ಲಿ ಕ್ರೊವೇಷಿಯಾದ ಮಿಡ್‌ಫೀಲ್ಡರ್ ಲೂಕಾ ಮೋಡ್ರಿಚ್ ಆಡಿದ ಆಟಕ್ಕೆ ನನ್ನ ಲೆಕ್ಕದಲ್ಲಿ ಹತ್ತಕ್ಕೆ ಎಂಟೂವರೆ. ಟೂರ್ನಿಯ ಅತ್ಯುತ್ತಮ ಆಟಗಾರನಿಗೆ ಕೊಡುವ ಗೋಲ್ಡನ್ ಬಾಲ್ ಅವನಿಗೇ ಸಿಕ್ಕಿತು. ಅದೇ ವರ್ಷ, ವರ್ಷದ ಅತ್ಯುತ್ತಮ ಆಟಗಾರನಿಗೆ ಕೊಡುವ ಬ್ಯಾಲನ್ ಡಿ'ಓರ್ ಕೂಡ ಬಂತು. ಮೆಸ್ಸಿ, ರೊನಾಲ್ಡೊ ಬಿಟ್ಟು ಬೇರೆಯವರ ಕೈಗೆ ಅದು ಹೋಗಿ ಹತ್ತು ವರ್ಷ ಆಗಿತ್ತು. ಅಂಥವನಿಗೆ ಒಂದೂವರೆ ಅಂಕ ಕಡಿಮೆ ಕೊಡೋಕೆ ನೀನ್ಯಾರು ಅಂತ ನನ್ನ ತಮ್ಮ ಕೇಳಿದ. ಅವನಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ನಾನು ಕಾಲೇಜು ತಂಡದಲ್ಲಿ ಮಿಡ್‌ಫೀಲ್ಡರ್ ಆಗಿದ್ದವನು. ಈಗ ಮಂಡಿ ಹೋಗಿದೆ. ಭಾನುವಾರ ಬೆಳಿಗ್ಗೆ ನಮ್ಮ ಲೇಔಟಿನ ಮೈದಾನದಲ್ಲಿ ಚಿಕ್ಕ ಹುಡುಗರಿಗೆ ಆಡೋದು ಹೇಳಿಕೊಡುತ್ತೇನೆ. ಆ ವರ್ಷ ಅರ್ಜೆಂಟೀನಾ, ಡೆನ್ಮಾರ್ಕ್, ರಷ್ಯಾ, ಇಂಗ್ಲೆಂಡ್ ಜೊತೆಗಿನ ಪಂದ್ಯಗಳೆಲ್ಲ ನಮ್ಮಲ್ಲಿ ರಾತ್ರಿ ಹನ್ನೊಂದೂವರೆಗೆ ಶುರುವಾಗುತ್ತಿದ್ದವು. ಮನೆಯವರೆಲ್ಲ ಮಲಗಿರುತ್ತಿದ್ದರು. ಹಾಲಿನ ಲೈಟ್ ಆರಿಸಿ ಮೊಬೈಲಿನಲ್ಲಿ ನೋಡುತ್ತಿದ್ದೆ. ಮೊಬೈಲು ಟಿವಿಗಿಂತ ಅರ್ಧ ನಿಮಿಷ ಹಿಂದೆ. ಎದುರು ಮನೆಯಿಂದ 'ಹೋ' ಅಂತ ಕೇಳಿದ ಮೇಲೆ ನನಗೆ ಗೋಲು ಕಾಣುತ್ತಿತ್ತು. ಇದರಿಂದ ಒಂದು ಲಾಭವೂ ಆಯ್ತು. ಏನೋ ಆಗುತ್ತದೆ ಅಂತ ಮೊದಲೇ ಗೊತ್ತಾದರೆ ಚೆಂಡು ಬಿಟ್ಟು ಬೇರೆ ಕಡೆ ನೋಡಬಹುದು. ಮೋಡ್ರಿಚ್‌ನನ್ನು ನೋಡಬೇಕಾದದ್ದೇ ಹಾಗೆ.

ಅವನ ಕತ್ತು ನೋಡಿ. ಚೆಂಡು ಇನ್ನೂ ಬೇರೆಯವರ ಕಾಲಲ್ಲಿದ್ದಾಗಲೇ ಒಮ್ಮೆ ಎಡಕ್ಕೆ, ಒಮ್ಮೆ ಬಲಕ್ಕೆ ತಿರುಗುತ್ತದೆ. ರಸ್ತೆ ದಾಟೋ ಅಜ್ಜಿಯ ಹಾಗೆ. ಹತ್ತು ನಿಮಿಷದಲ್ಲಿ ಎಷ್ಟು ಸಲ ತಿರುಗಿದ ಅಂತ ಎಣಿಸೋಕೆ ಹೋಗಿ ಲೆಕ್ಕ ತಪ್ಪಿ ಬಿಟ್ಟೆ. ಹಿಂದೆ ಯಾರು ಬರುತ್ತಿದ್ದಾರೆ ಅನ್ನೋದು ಗೊತ್ತಿರುವುದರಿಂದ ಚೆಂಡನ್ನು ನಿಲ್ಲಿಸಿ ಯೋಚಿಸುವ ಕೆಲಸವೇ ಇಲ್ಲ. ಮೊದಲ ಟಚ್ಚಿನಲ್ಲೇ ಎದುರಾಳಿಯನ್ನು ದಾಟಿರುತ್ತಾನೆ. ಅವನ ಎತ್ತರ ಐದಡಿ ಎಂಟಿಂಚು. ಮೈ ಅಂತೂ ಒಣಕಲು. ಚಿಕ್ಕವನಿದ್ದಾಗ ಹೈದುಕ್ ಸ್ಪ್ಲಿಟ್ ಕ್ಲಬ್ಬಿನವರು 'ಹುಡುಗ ತೀರಾ ಸಣಕಲು' ಅಂತ ವಾಪಸ್ ಕಳಿಸಿದ್ದರು. ಡಿಕ್ಕಿ ಹೊಡೆದು ಗೆಲ್ಲೋಕೆ ಆಗದವನು ಡಿಕ್ಕಿಯೇ ಆಗದ ಹಾಗೆ ಆಡೋದನ್ನು ಕಲಿತ.

ಅರ್ಜೆಂಟೀನಾ ಮೇಲಿನ ಗೋಲು ಎಲ್ಲರೂ ನೋಡಿರುತ್ತೀರಿ. 80ನೇ ನಿಮಿಷ. ಗೋಲಿನಿಂದ 25 ಗಜ ಇರಬೇಕು, ಎದುರಿಗೆ ಅವರ ಡಿಫೆಂಡರ್ ಒಟಮೆಂಡಿ. ಒಂದು ಕಡೆ ಹೋಗುವ ಹಾಗೆ ಮಾಡಿದ, ಮತ್ತೊಂದು ಕಡೆ ಹೋದ, ಬಲಗಾಲಿನಲ್ಲಿ ತಿರುವು ಕೊಟ್ಟು ಹೊಡೆದ. ಗೋಲ್‌ಕೀಪರ್ ಕಬಾಯೆರೊ ಹಾರಿದ್ದಷ್ಟೇ ಬಂತು. ಆ ರಾತ್ರಿ 3-0. ಆದರೆ ಆ ಗೋಲಿಗಿಂತ ಅದರ ಹಿಂದೆ ಇದ್ದವನ ಬಗ್ಗೆ ಹೇಳೋದೇ ನನಗೆ ಮುಖ್ಯ.

ಅವನದೇ ತಂಡದ ಇನ್ನೊಬ್ಬ ಮಿಡ್‌ಫೀಲ್ಡರ್, ಮಾರ್ಸೆಲೊ ಬ್ರೊಜೊವಿಚ್.

ಮೊದಲ ಪಂದ್ಯ ನೈಜೀರಿಯಾ ಜೊತೆ. ಕೋಚ್ ದಾಲಿಚ್ ಮೋಡ್ರಿಚ್ ಮತ್ತು ರಾಕಿಟಿಚ್ ಇಬ್ಬರನ್ನೂ ಹಿಂದೆ ನಿಲ್ಲಿಸಿ, ಮುಂದೆ ಕ್ರಮಾರಿಚ್‌ನನ್ನು ಆಡಿಸಿದ. 2-0 ಗೆದ್ದರು. ಒಂದು ಸೆಲ್ಫ್ ಗೋಲು, ಇನ್ನೊಂದು ಮೋಡ್ರಿಚ್‌ನ ಪೆನಾಲ್ಟಿ. ಆಟ ಮಾತ್ರ ಸಪ್ಪೆ. ಮೋಡ್ರಿಚ್ ಡಿಫೆಂಡರ್‌ಗಳ ಕಾಲ ಹತ್ತಿರದಿಂದ ಚೆಂಡು ಎತ್ತಿಕೊಂಡು ಮೇಲೆ ಬರಬೇಕಿತ್ತು, ಬಿಟ್ಟುಕೊಟ್ಟರೆ ಮತ್ತೆ ಹಿಂದೆ ಓಡಬೇಕಿತ್ತು. ಅಡುಗೆ ಭಟ್ಟನನ್ನೇ ತರಕಾರಿ ತರೋಕೂ ಕಳಿಸಿದ ಹಾಗೆ. ಅರ್ಜೆಂಟೀನಾ ಪಂದ್ಯಕ್ಕೆ ಬ್ರೊಜೊವಿಚ್ ಬಂದು ಹಿಂದೆ ನಿಂತ. ಆ ಕಾವಲು ಸಿಕ್ಕಿದ್ದೇ ತಡ, ಮೋಡ್ರಿಚ್ ಹದಿನೈದು ಗಜ ಮುಂದೆ ಬಂದ. ಎದುರಾಳಿಯ ಬಾಕ್ಸ್ ಹತ್ತಿರ ಚೆಂಡು ಸಿಗೋಕೆ ಶುರುವಾಯ್ತು.

ಹಾಗಂತ ದಾಲಿಚ್ ಮಾಡಿದ್ದೇ ತಪ್ಪು ಅನ್ನೋಕೂ ಆಗಲ್ಲ. ಕ್ವಾರ್ಟರ್ ಫೈನಲ್‌ನಲ್ಲಿ ರಷ್ಯಾ ಮೇಲೆ ಮತ್ತೆ ಹಳೇ ಜೋಡಿಯನ್ನೇ ಇಳಿಸಿದ, ಕ್ರಮಾರಿಚ್ಚೇ ಗೋಲು ಹೊಡೆದು 1-1 ಮಾಡಿದ! ಆದರೂ ಎರಡನೇ ಅರ್ಧದಲ್ಲಿ ಬ್ರೊಜೊವಿಚ್ ಒಳಗೆ ಬಂದ ಮೇಲಿನ ಆಟ ನೋಡಿ. ಮೋಡ್ರಿಚ್ ಆಗ ಬೇರೆಯೇ ಮನುಷ್ಯ. ಕಾಲಿನ ಹೊರಬದಿಯಿಂದ ತಿರುಗಿಸಿ ಕೊಡುವ ಪಾಸು, ಎಡಕ್ಕೊಂದು, ಬಲಕ್ಕೊಂದು. ಅರ್ಧ ಗಂಟೆಯ ಎಕ್ಸ್‌ಟ್ರಾ ಟೈಮಿನಲ್ಲಿ ವಿದಾ ತಲೆಯಿಂದ ಹೊಡೆದ ಗೋಲಿಗೆ ಕಾರ್ನರ್ ಹಾಕಿದ್ದೂ ಅವನೇ. ಆಗಲೇ ನೂರು ನಿಮಿಷ ದಾಟಿತ್ತು, ಅವನಿಗೆ ವಯಸ್ಸು 32. ಇಡೀ ಟೂರ್ನಿಯಲ್ಲಿ ಒಂದೇ ಪಂದ್ಯ ನೋಡೋಕೆ ಸಮಯ ಇದ್ದರೆ ಇದನ್ನೇ ನೋಡಿ, ಅರವತ್ತನೇ ನಿಮಿಷದಿಂದ ಶುರುಮಾಡಿ.

ಇದಕ್ಕೇ ಮೊದಲ ಅರ್ಧ ಅಂಕ ಕಡಿತ. ಎಲ್ಲಿ ನಿಲ್ಲಿಸಿದರೂ ಅಷ್ಟೇ ಕೆಲಸಕ್ಕೆ ಬರುವ ಆಟಗಾರ ಅಲ್ಲ ಅವನು. ಬೆನ್ನಿಗೊಬ್ಬ ಬೇಕು.

ಡೆನ್ಮಾರ್ಕ್ ಪಂದ್ಯದ ಪೆನಾಲ್ಟಿಗೆ ಯಾಕೆ ಅಂಕ ಕಿತ್ತಿಲ್ಲ ಅಂತ ತಮ್ಮ ಜಗಳಕ್ಕೇ ಬಂದ. 116ನೇ ನಿಮಿಷ, 1-1. ಮೋಡ್ರಿಚ್ ಡಿಫೆನ್ಸ್ ಸೀಳಿಕೊಂಡು ಹೋಗುವ ಪಾಸ್ ಕೊಟ್ಟ. ರೆಬಿಚ್ ಗೋಲ್‌ಕೀಪರನ್ನೂ ದಾಟಿದ, ಖಾಲಿ ಗೋಲು ಮುಂದೆ. ಹಿಂದಿನಿಂದ ಕಾಲಿಗೆ ಹೊಡೆದು ಬೀಳಿಸಿದರು. ಪೆನಾಲ್ಟಿ ಹೊಡೆಯೋಕೆ ಬಂದವನು ಮೋಡ್ರಿಚ್ಚೇ. ಡೆನ್ಮಾರ್ಕ್ ಗೋಲ್‌ಕೀಪರ್ ಕ್ಯಾಸ್ಪರ್ ಶ್ಮೈಕಲ್ ಹಾರಿ ಚೆಂಡನ್ನು ಅಪ್ಪಿಕೊಂಡುಬಿಟ್ಟ. ಗ್ಯಾಲರಿಯಲ್ಲಿ ಅವನ ಅಪ್ಪ ಪೀಟರ್ ಶ್ಮೈಕಲ್ ಕುಣಿದಾಡಿದ್ದು ನೆನಪಿದೆಯಲ್ವಾ? ಆಮೇಲೆ ಸರದಿಯ ಮೇಲೆ ಪೆನಾಲ್ಟಿ ಹೊಡೆಯುವ ಶೂಟೌಟ್. ಮೂರನೆಯವನಾಗಿ ಮತ್ತೆ ಬಂದ. ಎದುರಿಗೆ ಅದೇ ಶ್ಮೈಕಲ್. ಈ ಸಲ ಹೆಚ್ಚುಕಡಿಮೆ ಮಧ್ಯಕ್ಕೇ ಹೊಡೆದ, ಗೋಲ್‌ಕೀಪರ್ ಹಾರಿದ, ಚೆಂಡು ಅವನ ಕಾಲ ಪಕ್ಕದಲ್ಲೇ ಒಳಗೆ ಹೋಯ್ತು. ಹೊಡೆತ ಏನೂ ಚೆನ್ನಾಗಿರಲಿಲ್ಲ. ರಷ್ಯಾ ಶೂಟೌಟ್‌ನಲ್ಲೂ ಅದೇ ಕಥೆ. ಅವರ ಕೀಪರ್ ಅಕಿನ್ಫೀವ್ ಕೈಗೆ ತಾಗಿ, ಕಂಬಕ್ಕೆ ಬಡಿದು ಒಳಗೆ. ಅವನು ಒಳ್ಳೇ ಪೆನಾಲ್ಟಿ ಹೊಡೆಯುವವನು ಅಂತ ನಾನು ಹೇಳಲ್ಲ. ಆದರೆ ಹತ್ತು ನಿಮಿಷದ ಹಿಂದೆ ಕೈಬಿಟ್ಟದ್ದನ್ನು ಅದೇ ಕೀಪರ್ ಎದುರು ಮತ್ತೆ ಹೊಡೆಯೋಕೆ ಬಂದವನಿಗೆ ಅಂಕ ಕಿತ್ತುಕೊಳ್ಳೋಕೆ ನನಗೆ ಮನಸ್ಸು ಬರಲಿಲ್ಲ. ಕಾಲೇಜಿನಲ್ಲಿ ನಾನು ಒಂದು ಪೆನಾಲ್ಟಿ ತಪ್ಪಿಸಿದ ಮೇಲೆ ಆ ಇಡೀ ವರ್ಷ ಶೂ ಲೇಸ್ ಕಟ್ಟುವ ನೆಪದಲ್ಲಿ ಕೂತುಬಿಡುತ್ತಿದ್ದೆ.

ಇನ್ನರ್ಧ ಅಂಕ ಹೋಗಿದ್ದು ಇಂಗ್ಲೆಂಡ್ ಸೆಮಿಫೈನಲ್‌ನಲ್ಲಿ. ಐದನೇ ನಿಮಿಷ ಕೂಡ ಆಗಿರಲಿಲ್ಲ, ಬಾಕ್ಸ್ ಎದುರೇ ಡೆಲಿ ಅಲಿಯನ್ನು ಬೀಳಿಸಿದ. ಬೇಕಿರಲಿಲ್ಲ. ಅಲ್ಲಿಂದ ಟ್ರಿಪಿಯರ್ ಫ್ರೀಕಿಕ್, ನೇರ ಗೋಲು. ಮೊದಲ ಅರ್ಧ ಪೂರ್ತಿ ಇಂಗ್ಲೆಂಡಿನದೇ. ಎರಡನೇ ಅರ್ಧಕ್ಕೆ ಮೋಡ್ರಿಚ್ ಒಂದು ವಿಷಯ ಹಿಡಿದ. ಇಂಗ್ಲೆಂಡಿನ ಮಧ್ಯದಲ್ಲಿ ಹೆಂಡರ್ಸನ್ ಒಬ್ಬನೇ ಕಾವಲು. ಅವನ ಎರಡೂ ಪಕ್ಕ ಖಾಲಿ. ಮೋಡ್ರಿಚ್ ಒಂದು ಪಕ್ಕ, ರಾಕಿಟಿಚ್ ಇನ್ನೊಂದು ಪಕ್ಕ ನಿಂತು ಚೆಂಡು ತಿರುಗಿಸಿದರು. ಹೆಂಡರ್ಸನ್ ಯಾರ ಹತ್ತಿರ ಹೋಗಬೇಕು? ಕ್ರೊವೇಷಿಯಾಗೆ 68ನೇ ನಿಮಿಷ ಪೆರಿಸಿಚ್ ಗೋಲು, 109ಕ್ಕೆ ಮಾಂಜುಕಿಚ್. ಎರಡೂ ಗೋಲುಗಳ ಲೆಕ್ಕದಲ್ಲಿ ಮೋಡ್ರಿಚ್ ಹೆಸರಿಲ್ಲ. ಪೇಪರಿನ ಅಂಕಿಅಂಶ ಮಾತ್ರ ನೋಡುವವರಿಗೆ ಅವನು ಆ ರಾತ್ರಿ ಏನೂ ಮಾಡಿಲ್ಲ.

ಫ್ರಾನ್ಸ್ ಎದುರಿನ ಫೈನಲ್‌ಗೆ ಉಳಿದ ಅರ್ಧ. ಡೆನ್ಮಾರ್ಕ್, ರಷ್ಯಾ, ಇಂಗ್ಲೆಂಡ್, ಮೂರೂ ಎಕ್ಸ್‌ಟ್ರಾ ಟೈಮಿಗೆ ಹೋಗಿದ್ದವು. ಅಂದರೆ ಫ್ರಾನ್ಸ್‌ಗಿಂತ ಇವರು ಒಂದು ಪೂರ್ತಿ ಪಂದ್ಯ ಜಾಸ್ತಿ ಆಡಿ ಬಂದಿದ್ದರು. ಮೊದಲ ಅರ್ಧದಲ್ಲಿ ಅದು ಕಾಣಲೇ ಇಲ್ಲ. ಪೆರಿಸಿಚ್ ಗೋಲು ಶುರುವಾದದ್ದು ಮೋಡ್ರಿಚ್ ಫ್ರೀಕಿಕ್‌ನಿಂದ. ಎರಡನೇ ಅರ್ಧದಲ್ಲಿ ಚೆಂಡು ಇವರ ಹತ್ತಿರವೇ ಜಾಸ್ತಿ ಇತ್ತು, ಆದರೆ ಫ್ರಾನ್ಸ್ ಹಿಂದೆ ಕೂತು ಕಾಯುತ್ತಿತ್ತು. ಪೊಗ್ಬಾ ತನ್ನ ಅರ್ಧದಿಂದ ಎಂಬಾಪೆಗೆ ಉದ್ದದ ಪಾಸ್ ಕೊಟ್ಟು, ಓಡಿ ಬಂದು ತಾನೇ ಗೋಲು ಹೊಡೆದ. ಆ ಓಟಕ್ಕೆ ಸಮನಾಗಿ ಹಿಂದೆ ಓಡೋಕೆ ಕ್ರೊವೇಷಿಯಾ ಮಿಡ್‌ಫೀಲ್ಡಿನಲ್ಲಿ ಯಾರಿಗೂ ಕಾಲಿರಲಿಲ್ಲ. ಇಂಥ ಹೊತ್ತಲ್ಲಿ ದೂರದಿಂದ ಒಂದು ಹೊಡೆದು ಪಂದ್ಯ ತಿರುಗಿಸುವ ಗುಣ ಅವನಲ್ಲಿದೆ, ಅರ್ಜೆಂಟೀನಾ ಮೇಲೆ ತೋರಿಸಿದ್ದ. ಆದರೆ ಅಪರೂಪಕ್ಕೆ ತೋರಿಸುತ್ತಾನೆ. ಏಳು ಪಂದ್ಯಕ್ಕೆ ಎರಡು ಗೋಲು, ಅದರಲ್ಲೊಂದು ಪೆನಾಲ್ಟಿ. ಫ್ರಾನ್ಸ್ 4-2 ಗೆದ್ದಿತು.

ಗೋಲ್ಡನ್ ಬಾಲ್ ಕೊಡುವಾಗ ಮಳೆ ಸುರಿಯುತ್ತಿತ್ತು. ಕ್ರೊವೇಷಿಯಾ ಅಧ್ಯಕ್ಷೆ ಚೌಕಳಿ ಜೆರ್ಸಿ ಹಾಕಿಕೊಂಡು ನೆನೆಯುತ್ತಲೇ ಎಲ್ಲರನ್ನೂ ಅಪ್ಪಿಕೊಳ್ಳುತ್ತಿದ್ದರು. ಅವನ ಮುಖ ಮಾತ್ರ ಪ್ರಶಸ್ತಿ ತೆಗೆದುಕೊಳ್ಳುವವನ ಮುಖವೇ ಅಲ್ಲ.

ಮುಂದಿನ ಭಾನುವಾರ ನಮ್ಮ ಹುಡುಗರಿಗೆ ಕತ್ತು ತಿರುಗಿಸೋದು ಹೇಳಿಕೊಟ್ಟೆ. ಚೆಂಡು ಬರೋ ಮುಂಚೆ ಎಡ, ಬಲ. ಒಬ್ಬ ಎಷ್ಟು ಶ್ರದ್ಧೆಯಿಂದ ಎಡ, ಬಲ ನೋಡುತ್ತಾ ನಿಂತ ಅಂದರೆ ಚೆಂಡು ಅವನ ಕಾಲ ಸಂದಿಯಲ್ಲೇ ದಾಟಿ ಚರಂಡಿಗೆ ಬಿತ್ತು. "ಸಾರ್, ಹಿಂದೆ ಯಾರೂ ಇರ್ಲಿಲ್ಲ ಸಾರ್," ಅಂದ.