ವಿಲ್ ಬರೆಯೋದಾ, ದಾನಪತ್ರಾನಾ? ಹೊಲ ಇರೋ ಕಕ್ಷಿದಾರರು ಬಂದಾಗ

ಪಹಣಿ ಮಡಚಿ ಜೇಬಲ್ಲಿಟ್ಕೊಂಡು ಬರೋ ಯಜಮಾನ್ರು ಕೇಳೋದು ಒಂದೇ, "ಸಾರ್, ಮಗನ ಹೆಸರಿಗೆ ಮಾಡಿಬಿಡ್ಲಾ?" ನಾನಂತೂ ಮೊದ್ಲು ವಿಲ್ ಅಂತೀನಿ. ಸ್ಟಾಂಪ್ ಡ್ಯೂಟಿ ಇಲ್ಲ, ಇಬ್ರು ಸಾಕ್ಷಿ ಸಾಕು, ರಿಜಿಸ್ಟ್ರೇಷನ್ ಕಡ್ಡಾಯ ಅಲ್ಲ, ಮನಸ್ಸು ಬದಲಾದ್ರೆ ಇನ್ನೊಂದು ಬರೀಬಹುದು, ಆದ್ರೆ ಅವರು ಹೋದ್ಮೇಲೆ "ಇದು ಅಪ್ಪನ ಸಹಿನೇ ಅಲ್ಲ" ಅನ್ನೋ ಜಗಳ ಇದ್ದಿದ್ದೇ. ದಾನಪತ್ರಕ್ಕೆ ರಿಜಿಸ್ಟರ್ ಆಗ್ಲೇಬೇಕು, ಮಗನಿಗೆ ಇನ್ಕಮ್ ಟ್ಯಾಕ್ಸ್ ಬೀಳಲ್ಲ, ಆದ್ರೆ ವಾಪಸ್ ತಗೊಳೋದು ಕಷ್ಟ, ಅದಕ್ಕೇ "ಕೊನೇತನಕ ನೋಡ್ಕೋಬೇಕು" ಅನ್ನೋ ಷರತ್ತು ಪತ್ರದಲ್ಲೇ ಬರೆಸಿ, ಮಗ ನೋಡ್ಕೊಳ್ಳದಿದ್ರೆ ದಾನ ರದ್ದು ಮಾಡಿಸೋಕೆ 2007ರ ಹಿರಿಯ ನಾಗರಿಕರ ಕಾಯ್ದೆ ಕೈ ಹಿಡಿಯೋದು ಆಗ್ಲೇ. ಪಿತ್ರಾರ್ಜಿತ ಜಮೀನಾ? ಹಾಗಾದ್ರೆ ಹೆಣ್ಮಕ್ಕಳನ್ನೂ ಕರೆಸಿ, ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿ ಪ್ರಕಾರ ಅವರಿಗೂ ಸಮಪಾಲು, ಅಪ್ಪ ವಿಲ್ ಬರೆಯೋಕಾಗೋದು ತನ್ನ ಪಾಲಿಗಷ್ಟೇ.